ಕಿರುಹಣದ ಚಿತ್ರವೂ ಊರಿನ ನುಡಿಯೂ

ಕಡಿಮೆ ಹಣದ ಚಿತ್ರವೆಂದೊಡನೆ ಕಡಿಮೆ ದರ್ಜೆಯ ಚಿತ್ರವೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ಹಲವು ವರ್ಷ ನಡೆದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಾಲಿನಲ್ಲಿ ನಿಂತವರಲ್ಲಾದರೂ ಅದು ಕೊಂಚ ಸಡಿಲವಾಗಿರಬೇಕು. ಆ ದಿನಗಳಲ್ಲಿ ವಿಜಯನಗರದ ನನ್ನ ಕೆಲವು ವಿದ್ಯಾರ್ಥಿಗಳು ತರಗತಿಯಲ್ಲಿ ಕಾಣುತ್ತಿರಲಿಲ್ಲ. ನಾನೂ ಕಾರಣ ಕೇಳುತ್ತಿರಲಿಲ್ಲ.

ಈ ದಾರಿ ಹೊಸದೇನೂ ಅಲ್ಲ. 1970ರ ‘ಸಂಸ್ಕಾರ’ ಮೊದಲು ಸೆನ್ಸಾರಿನವರ ನಿಷೇಧಕ್ಕೆ ಗುರಿಯಾಗಿ, ಅನಂತರ ಸ್ವರ್ಣಕಮಲವನ್ನು ಪಡೆದ ಮೊದಲ ಕನ್ನಡ ಚಿತ್ರವಾದುದು ಎಲ್ಲರೂ ಬಲ್ಲ ಸಂಗತಿ. 2013ರಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’ಕ್ಕೆ 110 ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಪ್ರೇಕ್ಷಕನೇ ಬಂಡವಾಳಗಾರನಾದ ವಿಚಿತ್ರವದು.

ಆದರೆ ಕನ್ನಡದ ಮೇಷ್ಟರಾದ ನನ್ನನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಗುಣ. ರಾಮ್ ರೆಡ್ಡಿಯವರ ‘ತಿಥಿ’ಯನ್ನು ಚಿತ್ರಿಸಿದುದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಕಥೆಯಲ್ಲಿ ಕೈಜೋಡಿಸಿದ ಈರೇಗೌಡರದೇ ಊರು ಅದು. ಪಾತ್ರಧಾರಿಗಳು ಆ ಸೀಮೆಯ ಜನ, ಎಂದೂ ಬಣ್ಣ ಹಚ್ಚದವರು. ಗಡ್ಡಪ್ಪನ ಪಾತ್ರದ ಚನ್ನೇಗೌಡರು ಆಡುವ ಮಾತಿಗೆ ಯಾವ ಸಂಭಾಷಣಕಾರನ ಉಪ್ಪುಖಾರವೂ ಬೇಕಾಗಲಿಲ್ಲ. 2015ರಲ್ಲಿ ಲೊಕಾರ್ನೋ ಉತ್ಸವ ಅದಕ್ಕೆ ಎರಡು ಪ್ರಶಸ್ತಿಗಳನ್ನಿತ್ತಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಶಕ್ತಿಪೇಯದ ಸರಪಳಿ ವ್ಯಾಪಾರಕ್ಕೆ ಸಿಕ್ಕಿಬೀಳುವ ಕಥೆ. ಮಾತೆಲ್ಲ ಆ ನೆಲದ್ದೇ. ಉತ್ತರ ಕರ್ನಾಟಕದ ನುಡಿಯನ್ನು ನಗೆಯ ಪಾತ್ರಕ್ಕೆ ಮೀಸಲಿಟ್ಟಿದ್ದ ನಮ್ಮ ಪರದೆಯ ಮೇಲೆ ಅದೇ ನುಡಿಯಲ್ಲಿ ಒಂದು ಜೀವದ ಸಂಕಟವೆಲ್ಲ ಹರಿಯಿತು. ನಮ್ಮ ಕಾಲೇಜಿನಲ್ಲಿ ಕೊಪ್ಪಳದ ಕಡೆಯಿಂದ ಬಂದ ಹುಡುಗರು ಬಾಯಿ ತೆರೆಯುವ ಮುನ್ನ ತಮ್ಮ ಮಾತನ್ನು ತಿದ್ದಿಕೊಳ್ಳುವುದನ್ನು ಕಂಡಿದ್ದೇನೆ. ಅಂಥವರಿಗೆ ಇದು ಸಣ್ಣ ಸಂಗತಿಯೇ?

ಹಿರಿಹಣದ ಚಿತ್ರಕ್ಕೆ ಈ ಸ್ವಾತಂತ್ರ್ಯ ಕಷ್ಟ. 2018ರ ‘ಕೆ.ಜಿ.ಎಫ್.’ ಐದು ಭಾಷೆಗಳಲ್ಲಿ ತೆರೆಗೆ ಬಂದಿತು. ಹಾಕಿದ ಹಣ ಹಿಂದಿರುಗಲು ಅಷ್ಟು ದೊಡ್ಡ ಸಂತೆ ಬೇಕು, ಅಂಥ ಸಂತೆಯಲ್ಲಿ ಊರಿನ ಸೊಗಡು ಒಂದು ಹೊರೆ. ಸಣ್ಣ ಚಿತ್ರ ಎಲ್ಲರನ್ನೂ ಮೆಚ್ಚಿಸಬೇಕಾಗಿಲ್ಲ. ಆದುದರಿಂದಲೇ ಅದು ಒಬ್ಬರ ಮಾತನ್ನು ಪೂರ್ತಿ ಕೇಳಬಲ್ಲದು. ಹಾಗೆಂದು ಬಡತನವನ್ನೇ ಕಲೆಯೆಂದು ಹೊಗಳುವವರ ಪೈಕಿ ನಾನಲ್ಲ. ಕೇಳಿಸದ ಧ್ವನಿಯನ್ನೂ ದುಡಿದವರಿಗೆ ಸಲ್ಲದ ಕೂಲಿಯನ್ನೂ ಯಾವ ಪ್ರಶಸ್ತಿಯೂ ಮುಚ್ಚಲಾರದು.

ಉಳಿದಿರುವ ತೊಡಕು ಚಿತ್ರವನ್ನು ಜನಕ್ಕೆ ತಲುಪಿಸುವುದು. ‘ಶಿವಮ್ಮ’ 2022ರಲ್ಲೇ ಕೊರಿಯಾದ ಬೂಸಾನ್‌ನಲ್ಲಿ ಗೆದ್ದಿತು; ನಮ್ಮ ಚಿತ್ರಮಂದಿರಗಳಿಗೆ ಬಂದುದು 2024ರ ಜೂನ್‌ನಲ್ಲಿ. ಬಂದರೂ ಇಂಥ ಚಿತ್ರಗಳಿಗೆ ದಕ್ಕುವುದು ದಿನಕ್ಕೆ ಒಂದೆರಡು ಆಟ, ಅದೂ ಜನ ದುಡಿಮೆಗೆ ಹೋದ ಹೊತ್ತಿನಲ್ಲಿ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಎಷ್ಟು ಕಾಲೇಜುಗಳಿಲ್ಲ! ಹಲವು ಸಭಾಂಗಣಗಳಲ್ಲಿ ಪರದೆಯುಂಟು, ಪ್ರೊಜೆಕ್ಟರ್ ಉಂಟು. ನಿರ್ಮಾಪಕರ ಅನುಮತಿ ಪಡೆದು, ತಲೆಗೆ ಐವತ್ತು ರೂಪಾಯಿಯಂತೆ ಟಿಕೀಟು ಹಾಕಿ, ಸಂಗ್ರಹವಾದುದನ್ನು ಅವರಿಗೇ ಕಳುಹಿಸಿದರೆ ಕನ್ನಡ ಸಂಘದ ವಾರ್ಷಿಕ ಭಾಷಣಗಳಲ್ಲಿ ಒಂದೆರಡು ಕಡಿಮೆಯಾಗಬಹುದು, ಅಷ್ಟೆ.