ನೆರೆಯವರೊಡನೆ ಓಡಿ ಬೆಳೆದ ಖಂಡ

ಅಥ್ಲೆಟಿಕ್ಸ್‌ಗೆಂದೇ ಮೀಸಲಾದ ಮೊದಲ ಖಂಡಮಟ್ಟದ ಚಾಂಪಿಯನ್‌ಷಿಪ್ ಶುರುವಾದದ್ದು ಯುರೋಪಿನಲ್ಲಲ್ಲ, ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆಯಲ್ಲಿ. 1919ರಲ್ಲಿ ಎರಡೇ ದೇಶಗಳು ಸೇರಿ ನಡೆಸಿದ ಆ ಕೂಟದ ಹಾದಿ ಹದಿಮೂರೇ ವರ್ಷಗಳಲ್ಲಿ ಒಲಿಂಪಿಕ್ ಮ್ಯಾರಥಾನ್ ಚಿನ್ನದವರೆಗೆ ಹೋಯಿತು. ಆ ಕಥೆಯಲ್ಲಿ ನಮಗೂ ಪಾಠವಿದೆ.

1919ರಲ್ಲಿ ಜಗತ್ತು ಸುಸ್ತಾಗಿ ಕೂತಿತ್ತು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸ್ಪ್ಯಾನಿಷ್ ಫ್ಲೂ ಊರೂರು ಅಲೆಯುತ್ತಿತ್ತು. 1916ರಲ್ಲಿ ಬರ್ಲಿನ್‌ನಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸ್ ಯುದ್ಧದ ಪಾಲಾಗಿತ್ತು. ಅಂಥ ಹೊತ್ತಿನಲ್ಲಿ ದಕ್ಷಿಣ ಅಮೆರಿಕದ ತುದಿಯ ದೇಶಗಳು ಒಂದು ತೀರ್ಮಾನಕ್ಕೆ ಬಂದವು: ಯುರೋಪು ಮತ್ತೆ ಎದ್ದು ಕರೆಯುವ ತನಕ ಕಾಯುವುದು ಬೇಡ, ನಮ್ಮ ನಮ್ಮಲ್ಲೇ ಓಡೋಣ.

ಆ ತೀರ್ಮಾನದ ಮೊದಲ ಫಲವೇ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ನಡೆದ ದಕ್ಷಿಣ ಅಮೆರಿಕ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್. ಕಣಕ್ಕಿಳಿದದ್ದು ಆತಿಥೇಯ ಉರುಗ್ವೆ ಮತ್ತು ಚಿಲಿ ಮಾತ್ರ. ಪ್ಲಾಟಾ ನದಿಯ ಆಚೆ ದಡದ ಅರ್ಜೆಂಟೀನಾ ಕೂಡ ಬರಲಿಲ್ಲ. ಎರಡೇ ದೇಶಗಳ ಕೂಟಕ್ಕೆ ಖಂಡದ ಹೆಸರಿಟ್ಟದ್ದು ದೊಡ್ಡ ಮಾತಾಯಿತೆಂದು ಆ ದಿನ ಯಾರಾದರೂ ಹೇಳಿದ್ದರೆ ತಪ್ಪೆನ್ನಲಾಗುತ್ತಿರಲಿಲ್ಲ. ಆದರೆ ಯುರೋಪು ಇಂಥದೇ ಚಾಂಪಿಯನ್‌ಷಿಪ್ ಆರಂಭಿಸಿದ್ದು 1934ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ. ಏಷ್ಯಾದ ಸರದಿ ಬಂದದ್ದು 1973ರಲ್ಲಿ, ಆಫ್ರಿಕಾದ್ದು 1979ರಲ್ಲಿ. ಹದಿನೈದು ವರ್ಷ, ಅರ್ಧ ಶತಮಾನ, ಅರವತ್ತು ವರ್ಷ: ಮಾಂಟೆವಿಡಿಯೊ ಉಳಿದವರಿಗಿಂತ ಅಷ್ಟು ಮುಂದಿತ್ತು.

ಯುದ್ಧದ ಅಂಚಿನಿಂದ ಟ್ರ್ಯಾಕಿನವರೆಗೆ

ಈ ನೆರೆಹೊರೆ ಸದಾ ಅನ್ಯೋನ್ಯವಾಗಿತ್ತು ಎಂದೇನೂ ಅಲ್ಲ. ಆಂಡೀಸ್ ಪರ್ವತಸಾಲಿನಲ್ಲಿ ಗಡಿ ಎಲ್ಲಿ ಹಾಯಬೇಕೆಂಬ ಜಗಳದಲ್ಲಿ ಅರ್ಜೆಂಟೀನಾ ಮತ್ತು ಚಿಲಿ ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಯುದ್ಧದ ಅಂಚಿಗೆ ಬಂದು ನಿಂತಿದ್ದವು. ಎರಡೂ ಕಡೆ ಯುದ್ಧನೌಕೆಗಳ ಖರೀದಿಯ ಪೈಪೋಟಿ ನಡೆದಿತ್ತು. 1902ರಲ್ಲಿ ಬ್ರಿಟನ್ನಿನ ದೊರೆಯ ಮಧ್ಯಸ್ಥಿಕೆಯಲ್ಲಿ ವ್ಯಾಜ್ಯ ಬಗೆಹರಿಯಿತು. 1904ರಲ್ಲಿ ಎರಡೂ ದೇಶಗಳು ಗಡಿಯ ಎತ್ತರದ ಕಣಿವೆದಾರಿಯಲ್ಲಿ ಯೇಸುವಿನ ಪ್ರತಿಮೆ ನಿಲ್ಲಿಸಿ ಶಾಂತಿಗೆ ಸಾಕ್ಷಿಯಾದವು. 1910ರಲ್ಲಿ ಅದೇ ಪರ್ವತದ ಹೊಟ್ಟೆ ಕೊರೆದು, ಸಮುದ್ರಮಟ್ಟದಿಂದ 3000 ಮೀಟರಿಗೂ ಎತ್ತರದಲ್ಲಿ, ಎರಡು ದೇಶಗಳನ್ನು ಜೋಡಿಸುವ ರೈಲುಮಾರ್ಗ ತೆರೆಯಿತು. ರೈಲಿನಲ್ಲಿ ಆಂಡೀಸ್ ದಾಟಿ ಬ್ಯೂನಸ್ ಐರಿಸ್ ತಲುಪಿದರೆ, ಅಲ್ಲಿಂದ ಮಾಂಟೆವಿಡಿಯೊಗೆ ಪ್ಲಾಟಾ ನದೀಮುಖದಲ್ಲಿ ಒಂದು ರಾತ್ರಿಯ ಹಡಗು ಪ್ರಯಾಣ. ದಾರಿ ದೂರವಿದ್ದರೂ ಈಗ ಹೋಗಿಬರಬಹುದಾದ ದಾರಿಯಾಯಿತು.

ಹೋಗಿಬರುವುದು ಸಾಧ್ಯವಾದ ಮೇಲೆ ಆಟ ಹಿಂಬಾಲಿಸಿತು. 1916ರಲ್ಲಿ ಖಂಡದ ಫುಟ್‌ಬಾಲ್ ಒಕ್ಕೂಟ ಹುಟ್ಟಿತು. 1918ರ ಮೇ 24ರಂದು ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ, ಚಿಲಿ, ಉರುಗ್ವೆ ಸೇರಿ ದಕ್ಷಿಣ ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ ಕಟ್ಟಿದವು. ಉರುಗ್ವೆಯಲ್ಲಿ ಆಗಲೇ ನೆಲ ಹದವಾಗಿತ್ತು. ಅಲ್ಲಿನ ಸರ್ಕಾರ 1911ರಲ್ಲೇ ರಾಷ್ಟ್ರೀಯ ದೈಹಿಕ ಶಿಕ್ಷಣ ಆಯೋಗವನ್ನು ನೇಮಿಸಿ, ಬಡವರ ಮಕ್ಕಳೂ ದುಡ್ಡಿಲ್ಲದೆ ಆಡಬಹುದಾದ ಸಾರ್ವಜನಿಕ ಆಟದ ಅಂಗಳಗಳನ್ನು ತೆರೆಯತೊಡಗಿತ್ತು.

ಅಂದಿನ ಓಟ ಹೇಗಿತ್ತೆಂದು ಇಂದಿನ ಸಿಂಥೆಟಿಕ್ ಟ್ರ್ಯಾಕ್ ನೋಡಿದವರಿಗೆ ಹೇಳಲೇಬೇಕು. ಸ್ಟಾರ್ಟಿಂಗ್ ಬ್ಲಾಕ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಓಟಗಾರ ಕೈಯಲ್ಲೊಂದು ಪುಟ್ಟ ಕರಣೆ ಹಿಡಿದು ಬರುತ್ತಿದ್ದ. ಗೆರೆಯ ಹಿಂದೆ ಮಂಡಿಯೂರಿ ಒಂದು ಕಾಲಿಗೆ ಹತ್ತಿರ, ಇನ್ನೊಂದಕ್ಕೆ ಸ್ವಲ್ಪ ಹಿಂದೆ, ಎರಡು ಕುಳಿ ತೋಡುತ್ತಿದ್ದ. ಬೂಟಿನ ತುದಿ ಇಟ್ಟು ನೋಡುತ್ತಿದ್ದ, ಮಣ್ಣು ಸಡಿಲವೆನಿಸಿದರೆ ಮತ್ತೆ ಒತ್ತಿ ಗಟ್ಟಿ ಮಾಡುತ್ತಿದ್ದ. ಆ ಕುಳಿ ಜಾರಿದರೆ ಓಟ ಅಲ್ಲಿಗೇ ಮುಗಿದಂತೆ. ಗುರಿಯಲ್ಲಿ ಎದೆಮಟ್ಟಕ್ಕೆ ಕಟ್ಟಿದ ನೂಲು, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದವರು. ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅಳೆಯುವುದು ಆ ಗಡಿಯಾರಗಳಿಗೆ ಆಗುತ್ತಿರಲಿಲ್ಲ. ಹೀಗಾಗಿ ಅಂದಿನ ಓಟಗಾರರಿಗೆ ಅಂಕಿಗಿಂತ ಪಕ್ಕದ ಲೇನಿನ ಎದುರಾಳಿಯೇ ಮುಖ್ಯ.

ಗ್ರಾಡಿನ್ ಕೊಟ್ಟ ಉತ್ತರ

ಆ ಮೊದಲ ಕೂಟದ ಹೆಸರು ಒಬ್ಬರ ಜೊತೆ ಬೆಸೆದುಕೊಂಡಿದೆ: ಇಸಬೆಲಿನೊ ಗ್ರಾಡಿನ್. 1897ರಲ್ಲಿ ಮಾಂಟೆವಿಡಿಯೊದಲ್ಲಿ ಹುಟ್ಟಿದ ಇವರು ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು. ಪೆನ್ಯರೋಲ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರರು. ಚೆಂಡು ಸಿಕ್ಕರೆ ಹಿಡಿಯಲಾಗದ ವೇಗ ಅವರದು.

1916ರ ಜುಲೈಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊದಲ ದಕ್ಷಿಣ ಅಮೆರಿಕ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆಯಿತು. ಮೊದಲ ಪಂದ್ಯದಲ್ಲೇ ಉರುಗ್ವೆ 4-0 ಗೋಲುಗಳಿಂದ ಚಿಲಿಯನ್ನು ಮಣಿಸಿತು. ಅದರಲ್ಲಿ ಎರಡು ಗೋಲು ಗ್ರಾಡಿನ್ ಅವರದು. ಸೋತ ಚಿಲಿ ತಂಡ ಮರುದಿನ ದೂರು ಕೊಟ್ಟಿತು: ಉರುಗ್ವೆ ತಂಡದಲ್ಲಿ ಇಬ್ಬರು ಆಫ್ರಿಕನ್ನರು ಆಡಿದ್ದಾರೆ, ಫಲಿತಾಂಶ ರದ್ದಾಗಲಿ ಎಂದು. ದೂರಿನಲ್ಲಿದ್ದ ಇಬ್ಬರೆಂದರೆ ಗ್ರಾಡಿನ್ ಮತ್ತು ಹ್ವಾನ್ ಡೆಲ್ಗಾಡೊ. ಇಬ್ಬರೂ ಉರುಗ್ವೆಯವರೇ, ಮೈಬಣ್ಣ ಮಾತ್ರ ಕಪ್ಪು. ದೂರು ನಿಲ್ಲಲಿಲ್ಲ. ಉರುಗ್ವೆ ಕಪ್ ಗೆದ್ದಿತು. ಮೂರು ಗೋಲು ಹೊಡೆದ ಗ್ರಾಡಿನ್ ಕೂಟದ ಅತಿ ಹೆಚ್ಚು ಗೋಲುಗಳ ಆಟಗಾರರಾದರು.

ಮೂರು ವರ್ಷ ಕಳೆಯಿತು. ಮಾಂಟೆವಿಡಿಯೊದ ಟ್ರ್ಯಾಕಿನಲ್ಲಿ ಉರುಗ್ವೆಗೆ ಇದ್ದ ಒಂದೇ ಎದುರಾಳಿ ಚಿಲಿ. ಗ್ರಾಡಿನ್ 200 ಮೀಟರ್ ಓಡಿದರು, ಗೆದ್ದರು. 400 ಮೀಟರ್ ಓಡಿದರು, ಅದನ್ನೂ ಗೆದ್ದರು. ದೂರುಪತ್ರದಲ್ಲಿ ಯಾರ ಹಕ್ಕನ್ನು ಪ್ರಶ್ನಿಸಲಾಗಿತ್ತೋ ಅವರೇ ಚಿಲಿಯ ಓಟಗಾರರ ಕಣ್ಣೆದುರಿನಲ್ಲೇ ಖಂಡದ ಚಾಂಪಿಯನ್ ಎನಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ದಕ್ಷಿಣ ಅಮೆರಿಕ ಫುಟ್‌ಬಾಲ್ ಕೂಟದಲ್ಲೂ ಅವರು ದೇಶದ ಪರ ಆಡಿದರು. ಫ್ಲೂ ಕಾರಣಕ್ಕೆ 1918ರಿಂದ ಮುಂದೂಡಿದ್ದ ಕೂಟವದು.

ಪೆರು ದೇಶದ ಕವಿ ಹ್ವಾನ್ ಪಾರ್ರಾ ಡೆಲ್ ರಿಯೇಗೊ ಗ್ರಾಡಿನ್ ಮೇಲೆ ಕವಿತೆಯನ್ನೇ ಬರೆದರು. ಹೊಟ್ಟೆಪಾಡಿಗೆ ಮಾತ್ರ ಯಾವ ಕೀರ್ತಿಯೂ ಒದಗಲಿಲ್ಲ. 1944ರಲ್ಲಿ, ಐವತ್ತು ತುಂಬುವ ಮೊದಲೇ, ಬಡತನದಲ್ಲೇ ಅವರು ತೀರಿಕೊಂಡರು. ಖಂಡದ ಮೊದಲ ಅಥ್ಲೆಟಿಕ್ಸ್ ನಾಯಕನನ್ನು ಖಂಡ ಚೆನ್ನಾಗಿ ನೋಡಿಕೊಳ್ಳಲಿಲ್ಲ ಎಂಬುದನ್ನೂ ಈ ಚರಿತ್ರೆಯೊಂದಿಗೆ ದಾಖಲಿಸಬೇಕು.

ಕೂಟ ನಿಲ್ಲಲಿಲ್ಲ, ಅದೇ ಗುಟ್ಟು

ಮೊದಲ ಕೂಟ ನಡೆಸುವುದು ಕಷ್ಟ. ಎರಡನೆಯದು ಇನ್ನೂ ಕಷ್ಟ, ಏಕೆಂದರೆ ಅಷ್ಟರಲ್ಲಿ ಉತ್ಸಾಹ ತಣ್ಣಗಾಗಿರುತ್ತದೆ. ದಕ್ಷಿಣ ಅಮೆರಿಕದವರು ಮರುವರ್ಷವೇ, 1920ರಲ್ಲಿ, ಸಾಂಟಿಯಾಗೊದಲ್ಲಿ ಸೇರಿದರು. ಆಮೇಲೆ 1924ರಲ್ಲಿ ಬ್ಯೂನಸ್ ಐರಿಸ್, 1926ರಲ್ಲಿ ಮಾಂಟೆವಿಡಿಯೊ, 1927ರಲ್ಲಿ ಮತ್ತೆ ಸಾಂಟಿಯಾಗೊ, 1929ರಲ್ಲಿ ಪೆರುವಿನ ಲಿಮಾ. ಸರದಿಯ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿಬಂದರು. ಎರಡನೇ ಮಹಾಯುದ್ಧ ಬಂದಾಗ 1940 ಮತ್ತು 1944ರ ಒಲಿಂಪಿಕ್ಸ್ ರದ್ದಾದವು. ಯುರೋಪಿನ ಚಾಂಪಿಯನ್‌ಷಿಪ್ 1938ರ ನಂತರ ನಡೆದದ್ದು 1946ರಲ್ಲೇ. ಆ ಅವಧಿಯಲ್ಲೂ ದಕ್ಷಿಣ ಅಮೆರಿಕ 1941, 1943, 1945ರಲ್ಲಿ ತನ್ನ ಕೂಟ ನಡೆಸಿತು.

ಈ ಚಟುವಟಿಕೆಯ ಫಲವನ್ನು ಮೂವರ ಬದುಕಿನಲ್ಲಿ ನೋಡಬಹುದು.

ಅರ್ಜೆಂಟೀನಾದ ಲೂಯಿಸ್ ಬ್ರುನೆಟ್ಟೊ 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಟ್ರಿಪಲ್ ಜಂಪ್‌ನಲ್ಲಿ 15.42 ಮೀಟರ್ ಹಾರಿ ಒಲಿಂಪಿಕ್ ದಾಖಲೆ ಬರೆದರು. ಆಸ್ಟ್ರೇಲಿಯಾದ ನಿಕ್ ವಿಂಟರ್ ಅದಕ್ಕಿಂತ ಬರೀ ಹತ್ತು ಸೆಂಟಿಮೀಟರ್ ಹೆಚ್ಚು ಹಾರಿ ವಿಶ್ವದಾಖಲೆಯೊಂದಿಗೆ ಚಿನ್ನ ಕಿತ್ತುಕೊಂಡರು. ಬೆಳ್ಳಿ ಬ್ರುನೆಟ್ಟೊಗೆ.

ಚಿಲಿಯ ಮಾನುಯೆಲ್ ಪ್ಲಾಜಾ ಸಾಂಟಿಯಾಗೊದ ಬೀದಿಗಳಲ್ಲಿ ಪತ್ರಿಕೆ ಮಾರುತ್ತಿದ್ದವರು. ಇಪ್ಪತ್ತರ ದಶಕದ ದಕ್ಷಿಣ ಅಮೆರಿಕ ಕೂಟಗಳಲ್ಲಿ ದೂರದ ಓಟಗಳೆಂದರೆ ಪ್ಲಾಜಾ ಎನ್ನುವಂತಾಗಿತ್ತು. 5000 ಮೀಟರ್, 10,000 ಮೀಟರ್, ಕ್ರಾಸ್ ಕಂಟ್ರಿ, ಎಲ್ಲದರಲ್ಲೂ ಅವರದೇ ಮುಂಚೂಣಿ. ಪ್ಯಾರಿಸ್‌ನ ಮ್ಯಾರಥಾನ್‌ನಲ್ಲಿ ಆರನೆಯವರಾದರು. ನಾಲ್ಕು ವರ್ಷಗಳ ನಂತರ, 1928ರ ಆಮ್‌ಸ್ಟರ್‌ಡ್ಯಾಮ್ ಮ್ಯಾರಥಾನ್‌ನಲ್ಲಿ, ಫ್ರಾನ್ಸ್ ಪರ ಓಡಿದ ಅಲ್ಜೀರಿಯಾ ಮೂಲದ ಎಲ್ ವಾಫಿಗಿಂತ 26 ಸೆಕೆಂಡ್ ಹಿಂದೆ ಬಂದು ಬೆಳ್ಳಿ ಗೆದ್ದರು. ಚಿಲಿಗೆ ಅದು ಯಾವುದೇ ಆಟದಲ್ಲಿ ದಕ್ಕಿದ ಮೊದಲ ಒಲಿಂಪಿಕ್ ಪದಕ.

ಮೂರನೆಯವರು ಹ್ವಾನ್ ಕಾರ್ಲೋಸ್ ಜಬಾಲಾ, ಅರ್ಜೆಂಟೀನಾದ ಅನಾಥ ಹುಡುಗ. 1931ರ ಬ್ಯೂನಸ್ ಐರಿಸ್ ಕೂಟದಲ್ಲಿ 10,000 ಮೀಟರ್ ಗೆದ್ದು ಹೊರಜಗತ್ತಿಗೆ ಪರಿಚಯವಾದರು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ 2 ಗಂಟೆ 31 ನಿಮಿಷ 36 ಸೆಕೆಂಡಿನಲ್ಲಿ ಒಲಿಂಪಿಕ್ ಮ್ಯಾರಥಾನ್ ಗೆದ್ದರು. ಆಗ ಅವರ ವಯಸ್ಸು ಇಪ್ಪತ್ತು. ಅಥ್ಲೆಟಿಕ್ಸ್‌ನಲ್ಲಿ ದಕ್ಷಿಣ ಅಮೆರಿಕಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದೇ.

ಪತ್ರಿಕೆ ಮಾರುವ ಹುಡುಗನಿಗೂ ಅನಾಥ ಹುಡುಗನಿಗೂ ಬೆಳೆಯಲು ಮೊದಲು ಬೇಕಿದ್ದದ್ದು ಯುರೋಪಲ್ಲ. ನೆರೆಯವರೊಡನೆ ಓಡುವ ಅವಕಾಶ ಇತ್ತು. ತನ್ನಷ್ಟೇ ಹಸಿವಿರುವ ಎದುರಾಳಿ ಅಲ್ಲಿ ಸಿಕ್ಕ. ಅಷ್ಟು ಸಾಕಾಯಿತು. ಈ ಕೂಟದ ಒಂದು ದೊಡ್ಡ ಕೊರತೆಯೆಂದರೆ ಮೊದಲ ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1939ರ ಲಿಮಾದಲ್ಲಿ.

ಬೆಳಗಾವಿಯ ಓಟಗಾರ, ಚಿಲಿಯ ಓಟಗಾರ

1920ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ದೂರ 42.75 ಕಿಲೋಮೀಟರ್, ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್. ಆ ಗೆರೆಯ ಮೇಲೆ ಚಿಲಿಯ ಹ್ವಾನ್ ಹೊರ್ಕೇರಾ ಇದ್ದರು. ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಕೂಡ ಇದ್ದರು. ಉದ್ಯಮಿ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಹೊರಟ ಭಾರತ ತಂಡದಲ್ಲಿ ಚೌಗುಲೆ ಒಬ್ಬರು. ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಅಂತಾರಾಷ್ಟ್ರೀಯ ಓಟದ ಗಾಳಿ ಹೆಚ್ಚು ಸೋಕಿರದ ದೇಶವೊಂದರಿಂದ ಬಂದವರಿಗೆ ಅದು ಸಣ್ಣ ಸಾಧನೆಯಲ್ಲ.

ಆದರೆ ಮುಂದೇನಾಯಿತು ನೋಡಿ. ಚಿಲಿಯ ಓಟಗಾರ ಮರಳಿದ್ದು ನೆರೆಯವರೊಡನೆ ಮತ್ತೆ ಮತ್ತೆ ಸ್ಪರ್ಧೆ ನಡೆಯುವ ಖಂಡಕ್ಕೆ. ಎಂಟೇ ವರ್ಷಗಳಲ್ಲಿ ಅವರ ದೇಶದ ಇನ್ನೊಬ್ಬ ಓಟಗಾರ ಅದೇ ಸ್ಪರ್ಧೆಯಲ್ಲಿ ಬೆಳ್ಳಿ ತಂದರು. ಚೌಗುಲೆ ಮರಳಿದ ನೆಲದಲ್ಲಿ ಅಂಥ ನೆರೆಹೊರೆಯ ಕೂಟವೇ ಇರಲಿಲ್ಲ. 1934ರಲ್ಲಿ ದೆಹಲಿ ಮತ್ತು ಪಟಿಯಾಲದಲ್ಲಿ ಪಶ್ಚಿಮ ಏಷ್ಯಾ ಕ್ರೀಡಾಕೂಟ ನಡೆಯಿತು. ಭಾರತ, ಅಫ್ಘಾನಿಸ್ತಾನ, ಸಿಲೋನ್, ಪ್ಯಾಲೆಸ್ಟೈನ್ ಸೇರಿದ್ದವು. ಉರುಗ್ವೆ ಕೂಟಕ್ಕಿಂತ ಎರಡು ದೇಶ ಹೆಚ್ಚೇ. ಅದು ಒಂದೇ ಸಲ ನಡೆದು ನಿಂತುಹೋಯಿತು. ಎರಡೇ ದೇಶಗಳಿಂದ ಶುರುವಾದದ್ದು ಶತಮಾನ ದಾಟಿತು, ನಾಲ್ಕು ದೇಶಗಳಿಂದ ಶುರುವಾದದ್ದು ಎರಡನೇ ಹೆಜ್ಜೆ ಇಡಲಿಲ್ಲ.

ನಮ್ಮ ನೆರೆಹೊರೆ

ದಕ್ಷಿಣ ಏಷ್ಯಾ ಕ್ರೀಡಾಕೂಟ 1984ರಲ್ಲಿ ಕಠ್ಮಂಡುವಿನಲ್ಲಿ ಆರಂಭವಾಯಿತು. 2019ರಲ್ಲಿ ಅದೇ ನೇಪಾಳದಲ್ಲಿ ಹದಿಮೂರನೆಯದು ನಡೆಯಿತು. ಮುಂದಿನದು ಪಾಕಿಸ್ತಾನದ ಪಾಲಿಗೆ ಬಂದು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಹೋಯಿತು. ಅಥ್ಲೆಟಿಕ್ಸ್‌ಗೆಂದೇ ಇರುವ ದಕ್ಷಿಣ ಏಷ್ಯಾ ಸೀನಿಯರ್ ಚಾಂಪಿಯನ್‌ಷಿಪ್ 2008ರಲ್ಲಿ ಕೊಚ್ಚಿಯಲ್ಲಿ ನಡೆದ ಮೇಲೆ, 2025ರ ಅಕ್ಟೋಬರ್‌ನಲ್ಲಿ ರಾಂಚಿಯಲ್ಲಿ ಮತ್ತೆ ಉಸಿರಾಡಿತು. ಅಲ್ಲಿ ಪಾಕಿಸ್ತಾನ ಇರಲಿಲ್ಲ.

ಈ ಅಂತರ ಎಷ್ಟು ದುಬಾರಿ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2016ರಲ್ಲಿ ಗುವಾಹಟಿಯಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದ ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದಾಗ ಕಂಚು ಪಡೆದವರು ಪಾಕಿಸ್ತಾನದ ಅರ್ಷದ್ ನದೀಮ್. ಎಂಟು ವರ್ಷಗಳ ಬಳಿಕ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅರ್ಷದ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್ 89.45 ಮೀಟರಿನೊಂದಿಗೆ ಬೆಳ್ಳಿ. ಜಗತ್ತಿನ ಮೊದಲ ಎರಡು ಸ್ಥಾನಗಳು ನಮ್ಮ ನೆರೆಹೊರೆಯವೇ. ಪ್ರತಿ ಎರಡು ವರ್ಷಕ್ಕೊಮ್ಮೆ ಹೀಗೆ ಎದುರುಬದುರಾಗುವ ಅವಕಾಶ ನೂರಾರು ಹುಡುಗ ಹುಡುಗಿಯರಿಗೆ ಸಿಕ್ಕಿದ್ದರೆ ಇನ್ನೆಷ್ಟು ಮಂದಿ ಬೆಳೆಯುತ್ತಿದ್ದರೋ.

ನೆರೆಯವರ ನಡುವೆ ಜಗಳ ಇದ್ದೇ ಇರುತ್ತದೆ. ಯುದ್ಧದ ಅಂಚಿನಿಂದ ಹಿಂದೆ ಸರಿದ ಅರ್ಜೆಂಟೀನಾ ಮತ್ತು ಚಿಲಿ ಹದಿನಾರು ವರ್ಷದಲ್ಲಿ ಒಂದೇ ಒಕ್ಕೂಟದಲ್ಲಿ ಕೂತವು. ಕರೆದವರೆಲ್ಲ ಬರದಿದ್ದರೂ, ಬಂದ ಇಬ್ಬರೇ ಸೇರಿ ಕೂಟ ನಡೆಸಿದರು. ಬಾರದವರಿಗೆ ಬಾಗಿಲು ತೆರೆದಿಟ್ಟರು, ಅವರೂ ಬಂದರು. ದಕ್ಷಿಣ ಏಷ್ಯಾದ ಅಥ್ಲೆಟಿಕ್ಸ್ ಆಡಳಿತಗಾರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ರಾಂಚಿಯ ನಂತರದ ಕೂಟಕ್ಕೆ ಇನ್ನೊಂದು ಹದಿನೇಳು ವರ್ಷ ತೆಗೆದುಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ಎಂದು ದಿನಾಂಕ ಗೊತ್ತುಮಾಡಿ, ಎಷ್ಟು ದೇಶ ಬಂದರೂ ನಡೆಸಿ. ಒಂದು ಸರದಿಯನ್ನು ಕರ್ನಾಟಕ ತಾನೇ ಮುಂದೆ ಬಂದು ಕೇಳಿ ಪಡೆಯಲಿ. ಒಲಿಂಪಿಕ್ ಮ್ಯಾರಥಾನ್‌ಗೆ ಓಟಗಾರರನ್ನು ಕಳಿಸಿ ನೂರು ವರ್ಷ ದಾಟಿದ ನಾಡಿಗೆ ಆ ಹಕ್ಕೂ ಇದೆ, ಹೊಣೆಯೂ ಇದೆ.