ನೂರು ಡಾಲರಿನ ತಿಂಡಿ

ಬೆಂಗಳೂರಿನಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಸ್ನೇಹಿತರೆಲ್ಲ ಬೈಕ್ ಹತ್ತಿ ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋಗುತ್ತಿದ್ದೆವು. ಇಡ್ಲಿ ಒಂದು ನೆಪ, ಹೋಗಿಬರುವುದೇ ಖುಷಿ. ಟೆಕ್ಸಾಸ್‌ನಲ್ಲಿ ಸಣ್ಣ ವಿಮಾನ ಹಾರಿಸುವವರಿಗೂ ಇದೇ ಚಟ. ಪಕ್ಕದ ಊರಿಗೆ ಹಾರಿ, ತಿಂಡಿ ತಿಂದು, ವಾಪಸ್. ಪೈಲಟ್‌ಗಳು ತಮಾಷೆಗೆ ಇದನ್ನು 'ನೂರು ಡಾಲರಿನ ಹ್ಯಾಂಬರ್ಗರ್' ಅನ್ನುತ್ತಾರೆ. ವಿಮಾನದ ಬಾಡಿಗೆಗೆ ಈಗ ನೂರು ಎಲ್ಲಿಗೂ ಸಾಲುವುದಿಲ್ಲ, ಆ ಮಾತು ಬೇರೆ!

ಆಸ್ಟಿನ್ ಕಡೆಯವರಿಗೆ ಇದಕ್ಕೆ ಒಳ್ಳೆಯ ಜಾಗ ಫ್ರೆಡರಿಕ್ಸ್‌ಬರ್ಗ್, 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಊರು. ಅಲ್ಲಿನ ವಿಮಾನ ನಿಲ್ದಾಣದಲ್ಲೇ, ಎರಡನೇ ಮಹಾಯುದ್ಧದ ಕಾಲದ ಹ್ಯಾಂಗರ್‌ನಂತೆ ಕಾಣುವ ಹ್ಯಾಂಗರ್ ಹೋಟೆಲ್ ಇದೆ, ಪಕ್ಕದಲ್ಲಿ ಡೈನರ್. ವಿಮಾನ ನಿಲ್ಲಿಸಿ ನಡೆದು ಹೋಗಬಹುದು. ಜಾರ್ಜ್‌ಟೌನ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ, ಸೆಸ್ನಾ 172ರಲ್ಲಿ ಮುಕ್ಕಾಲು ಗಂಟೆಯೊಳಗೆ. ಸ್ವಲ್ಪ ಉತ್ತರಕ್ಕೆ ಸುತ್ತಿ ಹೋದರೆ ಎನ್‌ಚಾಂಟೆಡ್ ರಾಕ್ ಎಂಬ ನಸುಗೆಂಪು ಗ್ರಾನೈಟ್ ಬೆಟ್ಟ ಕಾಣುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಸಾವನದುರ್ಗವೇ ನೆನಪಾಯಿತು.

ಅದನ್ನು ಅಪ್ಪನಿಗೆ ತೋರಿಸಬೇಕೆಂದು ಬಹಳ ಆಸೆಯಿತ್ತು. ಅವರು ಊರಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ ಅದು. ಸೀಟು ನಾಲ್ಕಿದ್ದರೂ, ಟ್ಯಾಂಕ್ ತುಂಬಿಸಿದರೆ ನಾಲ್ಕು ಜನ ದೊಡ್ಡವರ ಭಾರ ಹೊರುವುದು ಈ ವಿಮಾನಕ್ಕೆ ಕಷ್ಟ. ಹಾಗಾಗಿ ಹಿಂದಿನ ರಾತ್ರಿಯೇ ಅಪ್ಪ, ಅಮ್ಮ ಇಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ನಗೆಪಾಟಲಾಗಿದ್ದೆ.

ಬೆಳಿಗ್ಗೆ ಜಾರ್ಜ್‌ಟೌನ್‌ನಲ್ಲಿ ಮೋಡ ನೆಲದಿಂದ 2,000 ಅಡಿ ಮೇಲಿತ್ತು. ಸಾಕು ಅನ್ನಿಸಿತು. ಆದರೆ ಜಾರ್ಜ್‌ಟೌನ್ ಸಮುದ್ರಮಟ್ಟದಿಂದ ಸುಮಾರು 790 ಅಡಿ ಎತ್ತರದಲ್ಲಿದ್ದರೆ, ಫ್ರೆಡರಿಕ್ಸ್‌ಬರ್ಗ್ ಸುಮಾರು 1,700 ಅಡಿ. ಅಂದರೆ ಮೋಡ ಇದ್ದಲ್ಲೇ ಇದ್ದರೂ ಪಶ್ಚಿಮಕ್ಕೆ ಹೋದಂತೆ ನೆಲವೇ ಅದರ ಕಡೆಗೆ ಏರುತ್ತದೆ. ಗಲ್ಫ್‌ನಿಂದ ಬರುವ ತೇವದ ಗಾಳಿಯೂ ಬೆಟ್ಟ ಹತ್ತುತ್ತಾ ತಣ್ಣಗಾಗಿ ಇನ್ನಷ್ಟು ಮೋಡವಾಗುತ್ತದೆ. ನನ್ನ ಲೈಸೆನ್ಸ್ ಕಣ್ಣಿಗೆ ದಾರಿ ಕಾಣುವಾಗ ಹಾರಿಸಲು ಮಾತ್ರ. ಮೋಡಕ್ಕಿಂತ 500 ಅಡಿ ಕೆಳಗಿರಬೇಕು.

ಮಾರ್ಬಲ್ ಫಾಲ್ಸ್ ಹತ್ತಿರ ಹೆಡ್‌ಸೆಟ್‌ನಲ್ಲಿ ಅಪ್ಪ ಕೇಳಿದರು, "ಯಾಕೋ, ಇಷ್ಟು ಕೆಳಗೆ ಹೋಗ್ತಾ ಇದೀವಿ?" ಎದೆ ಝಲ್ಲೆಂದಿತು. ಮೋಡ ತಪ್ಪಿಸಲು ನಾನು ಎರಡು ಸಲ ಕೆಳಗಿಳಿದಿದ್ದೆ. 'ಇನ್ನು ಹದಿನೈದೇ ನಿಮಿಷ' ಎಂದು ಮನಸ್ಸು ಹೇಳುತ್ತಿತ್ತು. "ಮುಂದೆ ಮೋಡ ಇದೆ ಅಪ್ಪಾ, ವಾಪಸ್ ಹೋಗೋಣ" ಎಂದು ತಿರುಗಿಸಿದೆ. ಹಿಂದಿನ ಸೀಟಿನಿಂದ ಅಮ್ಮ, "ಮನೇಲಿ ಉಪ್ಪಿಟ್ಟು ಮಾಡ್ತೀನಿ ಬಿಡು" ಅಂದರು.

ಉಪ್ಪಿಟ್ಟು ತಿಂದು, ಕಾರಿನಲ್ಲಿ ಅಲ್ಲಿಗೇ ಹೋದೆವು. ತಲುಪುವಷ್ಟರಲ್ಲಿ ಆಕಾಶ ನೀಲಿಯಾಗಿತ್ತು, ಒಂದಾದಮೇಲೊಂದು ವಿಮಾನ ಇಳಿಯುತ್ತಿತ್ತು. ನನ್ನ ಮುಖ ನೋಡಿ ಅಪ್ಪ, "ನೀನು ತಿರುಗಿಸಿದ್ದಕ್ಕೇ ನಿನ್ನ ಜೊತೆ ಇನ್ನೊಂದು ಸಲ ಹತ್ತೋ ಧೈರ್ಯ ಬಂತು" ಅಂದರು.

ನಿಮಗೂ ಕಲಿಯುವ ಆಸೆಯಿದ್ದರೆ, ಎಫ್‌ಎಎ ನಿಯಮದಂತೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಾಟ ಬೇಕು. ಹೆಚ್ಚಿನವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಇಲ್ಲಿನ ಪ್ರಜೆಗಳಲ್ಲದವರು ತರಬೇತಿಗೆ ಮೊದಲು ಟಿಎಸ್‌ಎ ಅನುಮತಿ ಪಡೆಯಬೇಕು. ಪೈಲಟ್ ಸ್ನೇಹಿತರು ಯಾರಾದರೂ ತಿಂಡಿಗೆ ಕರೆದರೆ ಖಂಡಿತ ಹೋಗಿ. ಆದರೆ 'ಹೊತ್ತಾಯ್ತು, ಹೇಗಾದರೂ ಹೋಗೋಣ' ಎಂದು ಮಾತ್ರ ಅವರಿಗೆ ಹೇಳಬೇಡಿ.