ಬಿಟ್ಟ ಸ್ವರದ ಬಲ

2003ರ ಅಕ್ಟೋಬರ್ 22. ಬೆಲ್ಜಿಯಂನ ಕ್ಲಬ್ ಬ್ರೂಗೆ ಫುಟ್‌ಬಾಲ್ ತಂಡ ಇಟಲಿಯ ಮಿಲಾನ್ ನಗರದಲ್ಲಿ ಎ.ಸಿ. ಮಿಲಾನ್ ಎದುರು ಆಡಬೇಕಿತ್ತು. ಎದುರಾಳಿ ಆಗಿನ ಯುರೋಪ್ ಚಾಂಪಿಯನ್. ಪಂದ್ಯಕ್ಕೆ ಮುಂಚೆ ಅಲ್ಲಿನ ಒಂದು ಬಾರಿನಲ್ಲಿ ಸೇರಿದ್ದ ಬ್ರೂಗೆ ಅಭಿಮಾನಿಗಳ ಕಿವಿಗೆ ಅಮೆರಿಕದ ರಾಕ್ ಹಾಡೊಂದು ಬಿತ್ತು. ಹಾಡಿನ ಮಾತನ್ನು ಅವರು ಹಿಡಿಯಲಿಲ್ಲ. ಆರಂಭದ ಗಿಟಾರ್ ಸ್ವರಗಳನ್ನಷ್ಟೇ ‘ಓ’ ಎಂದು ಎಳೆದು ಹಾಡತೊಡಗಿದರು. ಆ ರಾತ್ರಿ ಬ್ರೂಗೆ 1-0 ಅಂತರದಿಂದ ಗೆದ್ದಿತು. ಗೆದ್ದವರು ರಾಗವನ್ನೂ ಊರಿಗೆ ಹೊತ್ತುಕೊಂಡು ಹೋದರು. 2006ರಲ್ಲಿ ರೋಮಾ ತಂಡ ಬ್ರೂಗೆ ವಿರುದ್ಧ ಆಡಿದಾಗ ಅದು ಇಟಲಿಯವರ ಬಾಯಿಗೆ ದಾಟಿತು. ಅದೇ ವರ್ಷದ ಜುಲೈನಲ್ಲಿ ಇಟಲಿ ಬರ್ಲಿನ್‌ನಲ್ಲಿ ವಿಶ್ವಕಪ್ ಗೆದ್ದಾಗ ಇಡೀ ದೇಶದ ಬೀದಿಗಳಲ್ಲಿ ಕೇಳಿದ್ದು ಅದೇ ರಾಗ.

ಹಾಡಿನ ಹೆಸರು ‘ಸೆವೆನ್ ನೇಷನ್ ಆರ್ಮಿ’. ಹಾಡಿದ್ದು ಡೆಟ್ರಾಯಿಟ್‌ನ ‘ದ ವೈಟ್ ಸ್ಟ್ರೈಪ್ಸ್’. ನನಗೆ ಇಷ್ಟವಾದ ಹಾರ್ಡ್ ರಾಕ್ ಹಾಡುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಇದಕ್ಕಿಂತ ವೇಗದ, ಇದಕ್ಕಿಂತ ಕಷ್ಟದ, ಇದಕ್ಕಿಂತ ಅಬ್ಬರದ ಹಾಡುಗಳು ಬೇಕಾದಷ್ಟಿವೆ. ಆದರೆ ಸಾವಿರಾರು ಜನ ಒಟ್ಟಿಗೆ ಹಾಡಬಲ್ಲ ರಾಕ್ ಹಾಡು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಇದನ್ನೇ ಬಿಚ್ಚಿ ತೋರಿಸುತ್ತೇನೆ. ಏಕೆಂದರೆ ಇದರಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು.

ಮೊದಲನೆಯದಾಗಿ, ಇದರಲ್ಲಿ ಬೇಸ್ ಗಿಟಾರ್ ಇಲ್ಲ. ವೈಟ್ ಸ್ಟ್ರೈಪ್ಸ್ ಇಬ್ಬರದೇ ಬ್ಯಾಂಡಾಗಿತ್ತು: ಗಿಟಾರಿಗೆ ಜಾಕ್ ವೈಟ್, ಡ್ರಮ್ಸಿಗೆ ಮೆಗ್ ವೈಟ್. 2002ರ ಜನವರಿಯಲ್ಲಿ ಮೆಲ್ಬರ್ನ್‌ನ ಕಾರ್ನರ್ ಹೋಟೆಲಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಧ್ವನಿ ಪರೀಕ್ಷೆ ಮಾಡುತ್ತಿದ್ದಾಗ ಜಾಕ್ ವೈಟ್ ಈ ಸ್ವರಗಳನ್ನು ನುಡಿಸಿದ. ಮುಂದೆ ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ, ಕಂಪ್ಯೂಟರಿನ ನೆರವಿಲ್ಲದೆ, ಎಂಟು ಟ್ರ್ಯಾಕಿನ ಟೇಪಿನ ಮೇಲೆ ಹಾಡು ದಾಖಲಾಯಿತು. ಬಹುತೇಕರು ಬೇಸ್ ಎಂದುಕೊಳ್ಳುವ ಆ ಗಡುಸು ಧ್ವನಿ ನಿಜವಾಗಿ ಸಾಮಾನ್ಯ ಗಿಟಾರಿನದು. ವ್ಯಾಮಿ ಎಂಬ ಪೆಡಲ್ ಅದನ್ನು ಒಂದು ಸ್ಥಾಯಿ ಕೆಳಗಿಳಿಸಿದೆ.

ಹೀಗೆ ಇಳಿದ ಆಧಾರ ಸ್ವರದ ಆವರ್ತನ ಸುಮಾರು 82 ಹರ್ಟ್ಜ್. ಈಗ ಇದನ್ನು ಮೊಬೈಲಿನಲ್ಲಿ ಕೇಳಿ ನೋಡಿ. ಉಗುರಿನಷ್ಟಗಲದ ಅದರ ಸ್ಪೀಕರಿಗೆ 82 ಹರ್ಟ್ಜ್ ಹೊರಡಿಸುವ ಶಕ್ತಿ ಇಲ್ಲವೇ ಇಲ್ಲ ಎನ್ನಬಹುದು. ಆದರೂ ರಾಗ ಕೆಳಸ್ಥಾಯಿಯಲ್ಲೇ ಕೇಳಿಸುತ್ತದೆ. ತಂತಿ ಮಿಡಿದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಉಪಸ್ವರಗಳೂ ಏಳುತ್ತವೆ: 165, 247, 330 ಹೀಗೆ. ಮೊಬೈಲ್ ಇವುಗಳಲ್ಲಿ ಮೇಲಿನವನ್ನಷ್ಟೇ ನುಡಿಸುತ್ತದೆ. ಎಲ್ಲವೂ 82ರ ಮಗ್ಗಿಯಲ್ಲಿವೆ ಎಂಬುದನ್ನು ಮಿದುಳು ಹಿಡಿದು, ಕಾಣೆಯಾದ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಇದಕ್ಕೆ ಧ್ವನಿವಿಜ್ಞಾನಿಗಳು ‘ಕಾಣೆಯಾದ ಮೂಲಸ್ವರ’ ಎಂದೇ ಹೆಸರಿಟ್ಟಿದ್ದಾರೆ.

ಉಪಸ್ವರ ಹೆಚ್ಚಿದಷ್ಟೂ ಈ ಕೆಲಸ ಸುಲಭ. ಹಾರ್ಡ್ ರಾಕ್ ಬದುಕಿರುವುದೇ ಉಪಸ್ವರಗಳ ಮೇಲೆ. ಆಂಪ್ಲಿಫೈಯರಿಗೆ ಅದರ ತಾಕತ್ತಿಗಿಂತ ಹೆಚ್ಚು ಜೋರಾದ ಸಂಕೇತ ಕೊಟ್ಟರೆ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ದುಂಡಗಿನ ಅಲೆ ಚಪ್ಪಟೆಯಾದಾಗ ಮೊದಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ಕಿವಿಗೆ ಅದೇ ಒರಟು, ಅದೇ ಗರಗರ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಈ ಒರಟಿಗಾಗಿ ತನ್ನ ಸ್ಪೀಕರಿನ ಕಾಗದದ ಶಂಕುವನ್ನು ಬ್ಲೇಡಿನಿಂದ ಸೀಳಿದ್ದ.

ನಮಗೆ ಇದು ಪೂರ್ತಿ ಹೊಸ ರುಚಿಯೇನಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲೆಳೆ ಇಟ್ಟು ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಜೇಂಕರಿಸುತ್ತದೆ. ತಂತಿ ಕುದುರೆಯ ಮೈಯನ್ನು ಸವರುತ್ತಾ ಕಂಪಿಸಿದಾಗ ಉಪಸ್ವರಗಳು ಮೇಲೇಳುತ್ತವೆ. ವೀಣೆ, ತಂಬೂರಿಗಳ ತಂತಿಯಲ್ಲಿ ಹಳೆಯ ನಿಯಮದ ಪ್ರಕಾರ ಇರಬಾರದ ಉಪಸ್ವರಗಳೂ ಕೇಳುತ್ತವೆ ಎಂದು 1921ರಲ್ಲಿ ತೋರಿಸಿದವರು ಸಿ.ವಿ. ರಾಮನ್. ನೂಲೆಳೆಯ ಕೆಲಸವೂ ಆಂಪ್ಲಿಫೈಯರಿನ ಕೆಲಸವೂ ಒಂದೇ ಅಲ್ಲ. ಬಡ ಸ್ವರವನ್ನು ಶ್ರೀಮಂತಗೊಳಿಸುವ ಆಸೆ ಮಾತ್ರ ಎರಡರದ್ದೂ ಒಂದೇ.

ತಂಬೂರಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಹಾರ್ಡ್ ರಾಕಿನ ಬೆನ್ನೆಲುಬಾದ ‘ಪವರ್ ಕಾರ್ಡ್’ ಎಂದರೆ ತಂಬೂರಿಯಲ್ಲಿರುವಂತೆಯೇ ಷಡ್ಜ ಮತ್ತು ಪಂಚಮ, ಅಷ್ಟೇ. ಸಾಮಾನ್ಯ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ, ಇವೆರಡರ ನಡುವೆ ಗಾಂಧಾರ ಇರುತ್ತದೆ. ಪವರ್ ಕಾರ್ಡಿನಲ್ಲಿ ಅದನ್ನು ಬೇಕೆಂದೇ ಬಿಡುತ್ತಾರೆ. ನಿರ್ವಾಣ ಬ್ಯಾಂಡಿನ 1991ರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ನಿಂತಿರುವುದು ಇಂಥ ನಾಲ್ಕು ಕಾರ್ಡುಗಳ ಮೇಲೆ.

ಏಕೆ ಬಿಡಬೇಕು? ಲೆಕ್ಕ ಮಾಡಿ ನೋಡೋಣ. ಷಡ್ಜ 110 ಹರ್ಟ್ಜ್ ಇದ್ದರೆ ಪಂಚಮ ಅದರ ಒಂದೂವರೆಯಷ್ಟು, ಅಂದರೆ 165. ಎರಡೂ ಒಟ್ಟಿಗೆ ಒರಟು ಆಂಪ್ಲಿಫೈಯರಿನೊಳಗೆ ಹೋದಾಗ ಅವುಗಳ ವ್ಯತ್ಯಾಸ, ಮೊತ್ತಗಳೂ ಹೊಸ ಸ್ವರಗಳಾಗಿ ಹೊರಬರುತ್ತವೆ. ವ್ಯತ್ಯಾಸ 55: ಷಡ್ಜಕ್ಕೆ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ 275: ಅದೂ 55ರ ಮಗ್ಗಿಯಲ್ಲೇ ಇದೆ. ಹುಟ್ಟಿದ್ದೆಲ್ಲ ಒಂದೇ ಮನೆತನದ್ದು. ಎರಡು ಸ್ವರ ನುಡಿಸಿದ ಗಿಟಾರಿಗೆ ಯಾರೂ ನುಡಿಸದ ಮಂದ್ರ ಸ್ವರವೊಂದು ಉಚಿತವಾಗಿ ಸಿಗುತ್ತದೆ.

ಈಗ ಗಾಂಧಾರ ಸೇರಿಸಿ. ಶುದ್ಧ ಅನುಪಾತದ ಅಂತರ ಗಾಂಧಾರ 137.5 ಹರ್ಟ್ಜ್. ಗಿಟಾರಿನ ಮೆಟ್ಟಿಲುಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅಲ್ಲಿ ಸಿಗುವುದು 138.6. ಅದೇ ಗಿಟಾರಿನ ಪಂಚಮ 164.8, ಅಂದರೆ ಶುದ್ಧ ಪಂಚಮಕ್ಕೆ ಕೂದಲೆಳೆಯಷ್ಟೇ ಕಡಿಮೆ. ಗಾಂಧಾರದ ಈ ಒಂದು ಹರ್ಟ್ಜ್ ಚಿಲ್ಲರೆ ತಪ್ಪು ಸಾದಾ ಗಿಟಾರಿನಲ್ಲಿ ಗಮನಕ್ಕೆ ಬರದೇ ಹೋಗಬಹುದು. ಒರಟು ಆಂಪ್ಲಿಫೈಯರಿನಲ್ಲಿ ಅದರಿಂದ ಹುಟ್ಟುವ ಮರಿ ಸ್ವರಗಳು ಒಂದಕ್ಕೊಂದು ಹೊಂದದೆ ತಿಕ್ಕಾಡುತ್ತವೆ, ನಾದ ಕೆಸರಾಗುತ್ತದೆ. ಗಾಂಧಾರ ಬಿಟ್ಟರೆ ಕೆಸರಿಲ್ಲ. ಇನ್ನೊಂದು ಲಾಭವೂ ಇದೆ: ಗಾಂಧಾರವಿಲ್ಲದ ಕಾರ್ಡ್ ಸಂತಸದ್ದೋ ದುಗುಡದ್ದೋ ಎಂದು ತಾನಾಗಿ ಹೇಳುವುದಿಲ್ಲ. ಅದನ್ನು ಹಾಡುವ ದನಿ ತೀರ್ಮಾನಿಸುತ್ತದೆ.

‘ಸೆವೆನ್ ನೇಷನ್ ಆರ್ಮಿ’ಯಲ್ಲಿ ಆ ತೀರ್ಮಾನ ರಿಫ್‌ನಲ್ಲೇ, ಅಂದರೆ ಮತ್ತೆ ಮತ್ತೆ ಬರುವ ಆ ಸ್ವರಗುಚ್ಛದಲ್ಲೇ ಆಗಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಷಡ್ಜದಲ್ಲಿ ಹೊರಟು, ಸಾಧಾರಣ ಗಾಂಧಾರವನ್ನು ಒಮ್ಮೆ ಮುಟ್ಟಿ, ಮೆಟ್ಟಿಲಿಳಿದಂತೆ ಮಂದ್ರ ಪಂಚಮಕ್ಕೆ ಬಂದು ನಿಲ್ಲುತ್ತದೆ. ಏಳೇ ಸ್ವರ, ಹರಹು ಒಂದು ಸ್ಥಾಯಿಗಿಂತ ಕಡಿಮೆ. ಸಂಗೀತ ಕಲಿಯದವರ ಗಂಟಲಿಗೂ ಇದು ನಿಲುಕುತ್ತದೆ. ವೇಗ ನಿಮಿಷಕ್ಕೆ ಸುಮಾರು 124 ಎಣಿಕೆ, ರಿಫ್‌ನ ಉದ್ದ ಎಂಟು ಎಣಿಕೆ. ಅಂದರೆ ನಾಲ್ಕು ಸೆಕೆಂಡಿಗೂ ಕಡಿಮೆ, ಒಂದು ಉಸಿರಿನ ಹಾಡು.

ಸಪ್ಪೆಯಾಗಬಹುದಾಗಿದ್ದ ಈ ಸರಳತೆಗೆ ಖಾರ ಬಂದಿರುವುದು ಒಂದೇ ಜಾಗದಲ್ಲಿ. ಮೆಗ್ ವೈಟ್‌ಳ ಡ್ರಮ್ಮು ಎದೆಬಡಿತದಂತೆ ಸಮನಾಗಿ ಬೀಳುತ್ತಿರುವಾಗ, ನಡುವಿನ ಎರಡು ಎಣಿಕೆಯ ಅವಧಿಯಲ್ಲಿ ಗಿಟಾರ್ ಮೂರು ಸ್ವರಗಳನ್ನು ತೂರಿಸುತ್ತದೆ. ಎರಡರ ಮೇಲೆ ಮೂರು. ಅಲ್ಲಿ ಕಾಲು ಎಡವಿದಂತಾಗಿ, ಮುಂದಿನ ನೀಳ ಸ್ವರದ ಮೇಲೆ ಮತ್ತೆ ನೆಲ ಸಿಗುತ್ತದೆ. ಮರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಬಗೆಬಗೆಯ ಡ್ರಮ್ ಲಯಗಳನ್ನು ಕೇಳಿಸಿದ್ದರು. ಪೂರ್ತಿ ಸಮನಾದದ್ದಕ್ಕೂ ಪೂರ್ತಿ ಗೋಜಲಾದದ್ದಕ್ಕೂ ಮೈ ಅಷ್ಟಾಗಿ ಕುಣಿಯಲು ಬಯಸಲಿಲ್ಲ. ಲಯ ನಡುಮಟ್ಟದಲ್ಲಿ ತಪ್ಪಿದಾಗ ಆ ಬಯಕೆ ಎಲ್ಲಕ್ಕಿಂತ ಹೆಚ್ಚಿತ್ತು.

ಇನ್ನು ಕ್ರೀಡಾಂಗಣಕ್ಕೆ ಬರೋಣ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಈ ಹಾಡಿನ ಒಂದು ಎಣಿಕೆಗೆ ಅರ್ಧ ಸೆಕೆಂಡಿಗಿಂತ ತುಸು ಕಡಿಮೆ ಸಮಯ. ಅಷ್ಟರಲ್ಲಿ ಶಬ್ದ ಕ್ರಮಿಸುವುದು 165 ಮೀಟರ್, ದೊಡ್ಡ ಕ್ರೀಡಾಂಗಣದ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ ಅಷ್ಟೇ ದೂರ. ಎದುರು ಗ್ಯಾಲರಿಯವರ ಹಾಡು ನಿಮ್ಮ ಕಿವಿಗೆ ಒಂದು ಎಣಿಕೆ ತಡವಾಗಿ ತಲುಪುತ್ತದೆ. ಮಾತು ಕಿಕ್ಕಿರಿದ ಹಾಡು ಇಲ್ಲಿ ಕಲಸಿಹೋಗುತ್ತದೆ. ‘ಓ’ ಎಂಬ ಒಂದೇ ಸ್ವರಾಕ್ಷರ, ಕೊನೆಯಲ್ಲಿ ಎರಡೆರಡು ಎಣಿಕೆ ನಿಲ್ಲುವ ಎರಡು ನೀಳ ಸ್ವರ ಇದ್ದರೆ ತಡವಾಗಿ ಬಂದವರಿಗೂ ಸೇರಿಕೊಳ್ಳಲು ಸಮಯವಿರುತ್ತದೆ.

ಈ ತಡವನ್ನೇ ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ ಬಳಸಿಕೊಂಡದ್ದು 1977ರ ‘ವಿ ವಿಲ್ ರಾಕ್ ಯೂ’ನಲ್ಲಿ. ಕೆಲವೇ ಜನರ ಕಾಲ್ಬಡಿತ, ಚಪ್ಪಾಳೆಗಳನ್ನು ದಾಖಲಿಸಿ, ಬೇರೆ ಬೇರೆ ದೂರದಿಂದ ಕೇಳಿದಂತೆ ತಡ ಮಾಡಿ ಒಂದರ ಮೇಲೊಂದು ಪೇರಿಸಿದ. ತಡಗಳ ಅಂತರಕ್ಕೆ ಅವಿಭಾಜ್ಯ ಸಂಖ್ಯೆಗಳ ಅನುಪಾತ ಆರಿಸಿಕೊಂಡದ್ದರಿಂದ ಅದು ಪ್ರತಿಧ್ವನಿಯಂತೆ ಕೇಳದೆ ಜನಸಾಗರದಂತೆ ಕೇಳುತ್ತದೆ. ಮೇ ಭೌತವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಸಂಗೀತಕ್ಕಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಎಚ್.ಡಿ.ಯನ್ನು 2007ರಲ್ಲಿ ಮುಗಿಸಿದ. ಅಲ್ಲಿಯೂ ಗಮನಿಸಿ: ಎರಡು ಕಾಲ್ಬಡಿತ, ಒಂದು ಚಪ್ಪಾಳೆ, ನಾಲ್ಕನೆಯ ಜಾಗ ಖಾಲಿ.

‘ಸೆವೆನ್ ನೇಷನ್ ಆರ್ಮಿ’ಯಲ್ಲಿ ಖಾಲಿ ಬಿಟ್ಟಿರುವುದು ಪಲ್ಲವಿಯನ್ನೇ. ಚರಣ ಮುಗಿದು ಎಲ್ಲರೂ ಬಾಯಿಬಿಡಬೇಕಾದ ಕಡೆ ಗಾಯಕ ಸುಮ್ಮನಾಗುತ್ತಾನೆ, ಗಿಟಾರ್ ಅದೇ ರಿಫ್ ಅನ್ನು ಇನ್ನಷ್ಟು ಒರಟಾಗಿ ನುಡಿಸುತ್ತದೆ. ಬ್ರೂಗೆ ಅಭಿಮಾನಿಗಳು ಹೊಕ್ಕಿದ್ದು ಆ ಖಾಲಿ ಜಾಗಕ್ಕೆ. ಆ ರಾತ್ರಿ ಅವರು ಸೋತಿದ್ದರೆ ರಾಗ ಬಾರಿನಲ್ಲೇ ಉಳಿಯುತ್ತಿತ್ತೇನೋ. ಅದೃಷ್ಟಕ್ಕೆ ಭೌತವಿಜ್ಞಾನದಲ್ಲಿ ಸೂತ್ರವಿಲ್ಲ. ಅದೃಷ್ಟ ಒದಗಿದಾಗ ಹಾಡು ಸಿದ್ಧವಿತ್ತು ಎಂದಷ್ಟೇ ವಿಜ್ಞಾನ ಹೇಳಬಲ್ಲದು.

ಇವತ್ತು ಸಂಜೆ ಇದನ್ನು ಮೊದಲು ಮೊಬೈಲಿನಲ್ಲಿ, ಆಮೇಲೆ ಒಂದು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ. ಮೊಬೈಲಿನಲ್ಲಿ ನಿಮ್ಮ ಮಿದುಳು ತುಂಬಿಕೊಂಡ ಸ್ವರ ಸ್ಪೀಕರಿನಲ್ಲಿ ನಿಜವಾಗಿ ನೆಲ ನಡುಗಿಸುವುದನ್ನು ಗಮನಿಸಿ. ಪಲ್ಲವಿಯ ಜಾಗ ಬಂದಾಗ ನೀವೂ ದನಿಗೂಡಿಸಿ. ಪದ ಗೊತ್ತಿರಬೇಕಾಗಿಲ್ಲ.